ಸ್ಲೈಡ್ ಫಿಲ್ಮಿಗೆ ಬೆಳಕು ಅಳೆಯುವಾಗ

ನೆಗೆಟಿವ್‌ನಲ್ಲಿ ಬೆಳಕು ಒಂದು ಸ್ಟಾಪ್ (ಎಂದರೆ ದುಪ್ಪಟ್ಟು ಇಲ್ಲವೇ ಅರ್ಧ) ಹೆಚ್ಚುಕಡಿಮೆಯಾದರೆ ಪ್ರಿಂಟ್ ಹಾಕುವಾಗ ಸರಿಮಾಡಿಕೊಳ್ಳಬಹುದು. ನೇರವಾಗಿ ನಿಜಬಣ್ಣದ ಪಾರದರ್ಶಕ ಚಿತ್ರವನ್ನೇ ಕೊಡುವ ಸ್ಲೈಡ್‌ಗೆ ಆ ಎರಡನೇ ಅವಕಾಶವಿಲ್ಲ; ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಕೊನೆಯ ಚಿತ್ರ. ಫ್ಯೂಜಿಯ ವೆಲ್ವಿಯಾ 50 ಎಂಬ ಸ್ಲೈಡ್ ಫಿಲ್ಮಿನಲ್ಲಿ ಅರ್ಧ ಸ್ಟಾಪ್ ಬೆಳಕು ಹೆಚ್ಚಾದರೂ ಬಿಳಿ ಎಸಳಿನ ಗೆರೆಗಳು ಅಳಿಸಿಹೋಗಬಹುದು. ಫಿಲ್ಮ್ ಅಲ್ಲಿ ಬರೀ ಪಾರದರ್ಶಕವಾಗಿರುತ್ತದೆ, ಸ್ಕ್ಯಾನರ್‌ಗೂ ಏನೂ ಸಿಗದು. ಅರ್ಧ ಸ್ಟಾಪ್ ಕಡಿಮೆಯಾದರೆ ಬಣ್ಣ ಗಾಢವಾಗುತ್ತದೆ, ಅಷ್ಟೇ.

ಹಾಗಾಗಿ ಮೊದಲು ಅಳೆಯಬೇಕಾದ್ದು ಬೆಳಗುವ ಭಾಗವನ್ನು. ವಿವರ ಉಳಿಯಲೇಬೇಕಾದ ಅತಿ ಬಿಳಿಯ ಜಾಗಕ್ಕೆ ಸ್ಪಾಟ್ ಮೀಟರ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಮೀಟರ್) ಹಿಡಿದು, ಅದು ಹೇಳಿದ್ದಕ್ಕಿಂತ ಒಂದೂವರೆ ಸ್ಟಾಪ್ ಹೆಚ್ಚು ಕೊಡಿ; ಮೀಟರ್ ಬಿಳಿಯನ್ನೂ ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಆಮೇಲೆ ನೆರಳನ್ನು ಅಳೆಯಿರಿ. ಇಟ್ಟ ಎಕ್ಸ್‌ಪೋಷರ್‌ಗಿಂತ ಅದು ಎರಡೂವರೆ ಸ್ಟಾಪ್ ಕೆಳಗಿದ್ದರೆ ಕಪ್ಪೆಂದೇ ಲೆಕ್ಕ. ಮಧ್ಯಾಹ್ನದ ಬಿಸಿಲಲ್ಲಿ ಜೋಗದ ನೊರೆನೀರು, ಪಕ್ಕದ ಒದ್ದೆ ಬಂಡೆ ಎರಡೂ ಒಂದೇ ಸ್ಲೈಡಿಗೆ ಬರುವುದಿಲ್ಲ. ಮೋಡ ಕವಿಯುವವರೆಗೆ ಕಾಯುವುದೇ ಮೇಲು. ವೆಲ್ವಿಯಾ 50ಕ್ಕೆ ಮೀಟರ್‌ನಲ್ಲಿ ಐಎಸ್‌ಒ (ಫಿಲ್ಮಿನ ಬೆಳಕಿನ ಸೂಕ್ಷ್ಮತೆ) 50ರ ಬದಲು 40 ಇಡುವ ರೂಢಿ ಬಹಳ ಜನಕ್ಕಿದೆ. ಅದರಿಂದಲೇ ಮೂರನೇ ಒಂದು ಸ್ಟಾಪ್ ಹೆಚ್ಚು ಬೆಳಕು ಹೋಗುತ್ತದೆ ಎಂಬುದನ್ನು ಮರೆತು ಮತ್ತೆ ಪೂರ್ತಿ ಒಂದೂವರೆ ಸೇರಿಸಿದರೆ ಬಿಳಿ ಕೈತಪ್ಪುತ್ತದೆ.

ಶಟರ್ ಒಂದು ಸೆಕೆಂಡ್ ದಾಟಿದರೆ ವೆಲ್ವಿಯಾ 50 ಸೋಮಾರಿಯಾಗುತ್ತದೆ, ಬೆಳಕಿಗೆ ಸ್ಪಂದಿಸುವುದು ಕಡಿಮೆಯಾಗುತ್ತದೆ. 4 ಸೆಕೆಂಡಿಗೆ ಮೂರನೇ ಒಂದು, 8ಕ್ಕೆ ಅರ್ಧ, 16ಕ್ಕೆ ಮೂರನೇ ಎರಡು, 32ಕ್ಕೆ ಒಂದು ಸ್ಟಾಪ್ ಹೆಚ್ಚು ಕೊಡಬೇಕು. ಜೊತೆಗೆ ಮೆಜೆಂಟಾ ಫಿಲ್ಟರ್ ಬೇಕು, ಇಲ್ಲವಾದರೆ ಚಿತ್ರ ಹಸಿರಿಗೆ ತಿರುಗುತ್ತದೆ. ಮುಸ್ಸಂಜೆ, ರಾತ್ರಿಗೆ ಪ್ರೊವಿಯಾ 100ಎಫ್ ಎಂಬ ಇನ್ನೊಂದು ಸ್ಲೈಡ್ ಫಿಲ್ಮ್ ಹಾಕುವುದು ಜಾಣತನ. 128 ಸೆಕೆಂಡಿನವರೆಗೆ ಅದಕ್ಕೆ ಯಾವ ತಿದ್ದುಪಡಿಯೂ ಬೇಡ.

ಮನೆಯಲ್ಲೇ ಇ-6 (ಸ್ಲೈಡ್ ಫಿಲ್ಮ್ ತೊಳೆಯುವ ವಿಧಾನ) ಮಾಡುವವರು ಅದರ ಮೊದಲ ದ್ರಾವಣವಾದ ಫಸ್ಟ್ ಡೆವಲಪರ್ ಮೇಲೆ ಕಣ್ಣಿಡಬೇಕು: 38 ಡಿಗ್ರಿ, 0.3ರಷ್ಟೇ ಆಚೀಚೆ, ಸಮಯ ಸಾಮಾನ್ಯವಾಗಿ 6 ನಿಮಿಷ, ಆದರೂ ಕಿಟ್‌ನ ಚೀಟಿ ಹೇಳಿದ್ದೇ ಅಂತಿಮ. ಇದು ಕಪ್ಪು-ಬಿಳುಪಿನ ಡೆವಲಪರ್. ಇದು ಮುಟ್ಟದೆ ಬಿಟ್ಟ ಬೆಳ್ಳಿಯ ಲವಣವೇ ಮುಂದೆ ಬಣ್ಣವಾಗುವುದು. ಆದ್ದರಿಂದ ಇಲ್ಲಿ ಹೊತ್ತು ಹೆಚ್ಚಾದರೆ ಸ್ಲೈಡ್ ತೆಳುವಾಗುತ್ತದೆ, ಕಡಿಮೆಯಾದರೆ ಕಪ್ಪಿಡುತ್ತದೆ. ನೆಗೆಟಿವ್ ತೊಳೆದು ರೂಢಿಯಾದ ಕೈ ತಪ್ಪುವುದು ಇಲ್ಲೇ. ಉಳಿದ ಬೆಳ್ಳಿಯ ಲವಣವನ್ನು ಬಣ್ಣಕ್ಕೆ ಅಣಿಮಾಡುವ ದ್ರಾವಣ, ಅಂದರೆ ರಿವರ್ಸಲ್ ಬಾತ್, ಬೇರೆಯಾಗಿರುವ ಕಿಟ್‌ನಲ್ಲಿ ಅದಾದ ಮೇಲೆ ನೀರು ಹಾಕಬೇಡಿ, ನೇರ ಕಲರ್ ಡೆವಲಪರ್‌ಗೇ ಹೋಗಿ. ಫಿಲ್ಮ್ ಹೀರಿಕೊಂಡ ರಾಸಾಯನಿಕ ತೊಳೆದುಹೋದರೆ ಬಣ್ಣ ಸರಿಯಾಗಿ ಕೂರುವುದಿಲ್ಲ.