ಬ್ರೂಟಲ್ ಡೆತ್ ಮೆಟಲ್‌ನ ಮೊದಲ ಆಲ್ಬಮ್ ರೆಕಾರ್ಡಿಂಗ್: ಮಂಗಳೂರಿನ ಸ್ಟುಡಿಯೋ ಕೆಲಸದಿಂದ ಕಲಿತದ್ದು

ಭಜನೆ, ತುಳು ಹಾಡು, ಕೊಂಕಣಿ ಆಲ್ಬಮ್‌ಗಳಲ್ಲಿ ಕೈ ಪಳಗಿದ ಸ್ಟುಡಿಯೋಗೆ ಬ್ರೂಟಲ್ ಡೆತ್ ಮೆಟಲ್ (ಅತಿವೇಗದ, ಗೊಗ್ಗರು ದನಿಯ ಹೆವಿ ಮೆಟಲ್ ಪ್ರಕಾರ) ಬ್ಯಾಂಡ್ ಬಂದರೆ, ಭಾರ ಬೇಕೆಂದು ಮೊದಲು ಕೈ ಹೋಗುವುದು ಬೇಸ್ ಏರಿಸುವ ಕಡೆಗೆ. ಈ ಸಂಗೀತದಲ್ಲಿ ಬೇಸ್ ಏರಿಸಿದಷ್ಟೂ ಭಾರ ಕರಗುತ್ತದೆ. ಕಾರಣ ವೇಗ.

240 ಬಿಪಿಎಂನಲ್ಲಿ (ನಿಮಿಷಕ್ಕೆ 240 ಬೀಟ್) ಡಬಲ್ ಪೆಡಲ್‌ನಿಂದ ಹದಿನಾರನೇ ನೋಟ್ (ಬೀಟ್‌ಗೆ ನಾಲ್ಕು ಪೆಟ್ಟು) ನುಡಿಸಿದರೆ ಸೆಕೆಂಡಿಗೆ 16 ಪೆಟ್ಟು. ಪೆಟ್ಟಿಗೂ ಪೆಟ್ಟಿಗೂ ನಡುವೆ ಸಿಗುವುದು 62.5 ಮಿಲಿಸೆಕೆಂಡ್ ಮಾತ್ರ. ಕಿಕ್‌ನ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್‌ನ) ಸದ್ದಿನ ಬಾಲ 300 ಮಿಲಿಸೆಕೆಂಡ್ ಉಳಿದರೆ ನಾಲ್ಕೈದು ಪೆಟ್ಟು ಒಂದರ ಮೇಲೊಂದು ಬಿದ್ದು ಬರೀ ಗುಂಯ್ ಎನ್ನುತ್ತದೆ. ಯಕ್ಷಗಾನದ ಚೆಂಡೆ ಎಷ್ಟು ವೇಗದಲ್ಲಿ ನುಡಿದರೂ ಒಂದೊಂದು ಪೆಟ್ಟೂ ಬೇರೆಯಾಗಿ ಕೇಳುತ್ತದಲ್ಲ, ಸದ್ದು ಥಟ್ಟನೆ ಎದ್ದು ಥಟ್ಟನೆ ಆರುವುದೇ ಅದರ ಗುಟ್ಟು. ಕಿಕ್‌ನಲ್ಲೂ ಅದೇ ಬೇಕು.

ಹಾಗಾಗಿ ಡ್ರಮ್‌ನೊಳಗೆ ಮಡಿಸಿದ ಕಂಬಳಿ ಇಟ್ಟು ಬ್ಯಾಟರ್ ಹೆಡ್‌ಗೆ (ಪೆಟ್ಟು ಬೀಳುವ ಬದಿಯ ಚರ್ಮಕ್ಕೆ) ತಾಗಿಸಿ. ಬೀಟರ್ (ಪೆಡಲ್‌ನ ಬಡಿಗೆ) ಪ್ಲಾಸ್ಟಿಕ್ ಅಥವಾ ಮರದ್ದಿರಲಿ, ಫೆಲ್ಟ್ ಬೇಡ. ಬೀಟರ್ ಬೀಳುವಲ್ಲಿ ಪ್ಯಾಚ್ ಅಂಟಿಸಿ. ಒಳಗೊಂದು ಮೈಕ್, ಹೂಪ್‌ಗೆ (ಡ್ರಮ್‌ನ ಅಂಚಿನ ಬಳೆಗೆ) ಒಂದು ಟ್ರಿಗರ್, ಅಂದರೆ ಪೆಟ್ಟನ್ನು ಗುರುತಿಸುವ ಸಂವೇದಕ. ಟ್ರಿಗರ್ ಸಿಗ್ನಲ್ ಬೇರೆಯೇ ಟ್ರ್ಯಾಕ್‌ಗೆ ಹೋಗಲಿ. ಟ್ರಿಗರ್ ಮಾಡ್ಯೂಲ್‌ನ ರೀಟ್ರಿಗರ್ ಸಮಯವನ್ನು (ಒಂದು ಪೆಟ್ಟಿನ ನಂತರ ಮುಂದಿನದನ್ನು ಸ್ವೀಕರಿಸುವವರೆಗಿನ ಬಿಡುವು) 40 ಮಿಲಿಸೆಕೆಂಡ್ ಆಸುಪಾಸಿಗೆ ಇಡುವುದು ಒಳ್ಳೆಯದು. 62 ದಾಟಿದರೆ ವೇಗದ ಭಾಗದಲ್ಲಿ ಪೆಟ್ಟುಗಳು ಮಾಯವಾಗುತ್ತವೆ. ತೀರಾ ಇಳಿಸಿದರೆ ಒಂದೇ ಪೆಟ್ಟಿಗೆ ಎರಡು ಸಲ ಸದ್ದು ಬರುತ್ತದೆ. ಈಕ್ಯೂನಲ್ಲಿ (ಸದ್ದಿನ ಬೇರೆ ಬೇರೆ ಆವರ್ತನಗಳನ್ನು ಏರಿಳಿಸುವ ಸಾಧನ) 300ರಿಂದ 500 ಹರ್ಟ್ಸ್ ತಗ್ಗಿಸಿ, 4ರಿಂದ 8 ಕಿಲೋಹರ್ಟ್ಸ್ ನಡುವೆ ಬೀಟರ್ ತಾಗುವ ಸದ್ದನ್ನು ಹುಡುಕಿ ಎತ್ತಿ.

ಸ್ನೇರ್‌ನ (ಕೋಲಿನಿಂದ ನುಡಿಸುವ, ಚುರುಕು ಸದ್ದಿನ ಡ್ರಮ್) ತೊಂದರೆ ಬೇರೆ. ಬ್ಲಾಸ್ಟ್ ಬೀಟ್‌ನಲ್ಲಿ (ಕಿಕ್, ಸ್ನೇರ್, ಸಿಂಬಲ್‌ಗಳ ಅತಿವೇಗದ ಬಡಿತ) ಕೋಲು ಎತ್ತರಕ್ಕೆ ಏಳುವುದಿಲ್ಲ, ಪೆಟ್ಟು ಮೆತ್ತಗಾಗುತ್ತದೆ. ನಿಧಾನದ, ಭಾರವಾದ ಸ್ಲ್ಯಾಮ್ ಭಾಗದಲ್ಲಿ ಸಿಡಿಯುವ ಸ್ನೇರ್ ಬ್ಲಾಸ್ಟ್ ಬಂದ ಕೂಡಲೇ ಸಿಂಬಲ್‌ಗಳಡಿ ಮುಳುಗುತ್ತದೆ. ಕಂಪ್ರೆಸರ್ (ಜೋರು, ಮೆಲು ಸದ್ದುಗಳ ಅಂತರ ಕಡಿಮೆ ಮಾಡುವ ಸಾಧನ) ಒತ್ತಿದರೆ ಸ್ನೇರ್ ಮೈಕ್‌ಗೆ ಸೋರಿದ ಸಿಂಬಲ್ಲೇ ಮೇಲೆ ಬರುತ್ತದೆ. ಅದಕ್ಕೇ ಟೇಕ್ ಶುರುವಾಗುವ ಮೊದಲು, ಅದೇ ಡ್ರಮ್, ಅದೇ ಮೈಕ್‌ನಲ್ಲಿ, ಬೇರೆ ಬೇರೆ ಬಲದ ಹತ್ತು ಹನ್ನೆರಡು ಬಿಡಿ ಪೆಟ್ಟು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬ್ಲಾಸ್ಟ್ ಭಾಗಕ್ಕೆ ಅವನ್ನೇ ಬೆರೆಸಬಹುದು. ಎಲ್ಲಿಂದಲೋ ತಂದ ಸ್ಯಾಂಪಲ್ ಹಾಕಿದರೆ ಮೊದಲ ಆಲ್ಬಮ್‌ನಲ್ಲೇ ಡ್ರಮ್ಮರ್‌ನ ಗುರುತು ಅಳಿದುಹೋಗುತ್ತದೆ, ಅದು ದೊಡ್ಡ ನಷ್ಟ.

ಗಿಟಾರ್ ಎ ಸ್ವರಕ್ಕೆ ಇಳಿಸಿದ್ದರೆ ದಪ್ಪ ತಂತಿಯ ಕಂಪನ 55 ಹರ್ಟ್ಸ್. 25.5 ಇಂಚು ಸ್ಕೇಲ್‌ಗೆ 64ರಿಂದ 70 ಗೇಜ್ (ಇಂಚಿನ ಸಾವಿರದ ಭಾಗದಲ್ಲಿ ಅಳೆದ ದಪ್ಪ) ತಂತಿ ಬೇಕು. ತೆಳು ತಂತಿಯಾದರೆ ಜೋರಾಗಿ ಮೀಟಿದ ಕ್ಷಣ ಸ್ವರ ಮೇಲಕ್ಕೆ ಜಾರುತ್ತದೆ. ಆದ್ದರಿಂದ ಮೆಲ್ಲಗೆ ಮೀಟಿ ಟ್ಯೂನ್ ಮಾಡಬೇಡಿ, ಹಾಡಿನಲ್ಲಿ ಮೀಟುವಷ್ಟೇ ಬಲದಲ್ಲಿ ಮೀಟಿ ಟ್ಯೂನರ್ ನೋಡಿ. ಗೇನ್ (ಗಿಟಾರ್ ಸದ್ದನ್ನು ಒರಟಾಗಿಸುವ ಮಟ್ಟ) ವೇದಿಕೆಯಲ್ಲಿ ಇಡುವುದಕ್ಕಿಂತ ಕಡಿಮೆ ಇರಲಿ. ಎಡಕ್ಕೊಂದು ಬಲಕ್ಕೊಂದು ಟ್ರ್ಯಾಕ್ ಸಾಕು. ನಾಲ್ಕು ಪದರ ಹಾಕಿದರೆ ಟ್ರೆಮೊಲೊ ಪಿಕಿಂಗ್ (ಒಂದೇ ಸ್ವರವನ್ನು ವೇಗವಾಗಿ ಮತ್ತೆ ಮತ್ತೆ ಮೀಟುವುದು) ಕಲಸಿಹೋಗುತ್ತದೆ. ಡಿಐ ಸಿಗ್ನಲ್ (ಆಂಪ್ ಮೂಲಕ ಹೋಗದ, ಗಿಟಾರ್‌ನಿಂದ ನೇರ ಬಂದ ಸದ್ದು) ತಪ್ಪದೆ ಉಳಿಸಿಕೊಳ್ಳಿ.

ಕರಾವಳಿಯಲ್ಲಿ ಇನ್ನೆರಡು ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಗಿಟಾರ್ ನೆಕ್ ಬಾಗುತ್ತದೆ, ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಹಿಂದಿನ ರಾತ್ರಿಯೇ ವಾದ್ಯಗಳನ್ನು ಎಸಿ ಕೋಣೆಯಲ್ಲಿಟ್ಟು, ಬೆಳಿಗ್ಗೆ ಇಂಟೊನೇಶನ್ (ನೆಕ್‌ನುದ್ದಕ್ಕೂ ಸ್ವರ ಸರಿಯಿದೆಯೇ) ನೋಡಿದ ಮೇಲೆಯೇ ಶುರು ಮಾಡಿ. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿದಾಗ ಅರ್ತಿಂಗ್ ದುರ್ಬಲವಾಗಿ ಹಮ್ (ವಿದ್ಯುತ್ತಿನ ಗುಂಯ್ ಸದ್ದು) ಕಾಣಿಸಿಕೊಳ್ಳಬಹುದು. ಹಮ್ 50 ಹರ್ಟ್ಸ್, ಗಿಟಾರ್‌ನ ಮೂಲಸ್ವರ 55. ಈಕ್ಯೂನಿಂದ ಹಮ್ ಕತ್ತರಿಸಲು ಹೋದರೆ ಸ್ವರದ ಬುಡವೂ ಹೋಗುತ್ತದೆ. ಅರ್ತ್ ಗುಂಡಿಗೆ ನೀರು ಹಾಕಿ, ಎಲೆಕ್ಟ್ರಿಶಿಯನ್‌ರನ್ನು ಕರೆಸಿ ಪರೀಕ್ಷಿಸುವುದೇ ಸರಿಯಾದ ದಾರಿ.

ಗಾಯನಕ್ಕೆ ಸಾಮಾನ್ಯ ಡೈನಾಮಿಕ್ ಮೈಕ್ ಸಾಕು. ಗಾಯಕರು ಅದರ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಅಭ್ಯಾಸದವರಾದರೆ ಸ್ಟ್ಯಾಂಡ್‌ಗೆ ಹಾಕಿ: ಹಿಂದಿನ ರಂಧ್ರಗಳು ಮುಚ್ಚಿದರೆ ಅಕ್ಷರವೇ ಕೇಳದು. ಗಂಟಲು ಉರಿಯಲು ಶುರುವಾದರೆ ಆ ದಿನದ ಗಾಯನ ಅಲ್ಲಿಗೇ ನಿಲ್ಲಲಿ.

ಬ್ಯಾಂಡ್‌ನವರು ಅಮೆರಿಕದ ಡೆತ್ ಮೆಟಲ್ ಬ್ಯಾಂಡ್ ಸಫೊಕೇಶನ್‌ನ ಮೊದಲ ಪೂರ್ಣ ಆಲ್ಬಮ್ ‘ಎಫಿಜಿ ಆಫ್ ದ ಫರ್ಗಾಟನ್’ ಅನ್ನು ಮಾದರಿಯಾಗಿ ತಂದರೆ ಸಂತೋಷ. 1991ರಲ್ಲಿ ಬಂದ ಅದನ್ನು ಫ್ಲೋರಿಡಾದ ಟ್ಯಾಂಪಾದಲ್ಲಿ, ಮಾರಿಸೌಂಡ್ ಸ್ಟುಡಿಯೋದಲ್ಲಿ ನಿರ್ಮಾಪಕ ಸ್ಕಾಟ್ ಬರ್ನ್ಸ್ ಜೊತೆ ರೆಕಾರ್ಡ್ ಮಾಡಿದ್ದು. ಜೊತೆಗೆ ಕೂತು ಕೇಳುವಾಗ ಪಾಮ್ ಮ್ಯೂಟ್‌ಗಳ (ಅಂಗೈಯಿಂದ ತಂತಿ ಅದುಮಿ ಮೀಟುವ ಸದ್ದುಗಳ) ನಡುವಿನ ಬಿಡುವಿನ ಮೇಲೆ ಕಿವಿ ಇಡಿ.

ಮಿಕ್ಸ್‌ನ ಪೀಕ್ ಮೈನಸ್ 6 ಡಿಬಿ ಹತ್ತಿರ ಬಿಟ್ಟು ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮುನ್ನ ಆಲ್ಬಮ್‌ಗೆ ಕೊನೆಯ ರೂಪ ಕೊಡುವ ಕೆಲಸ) ಕೊಡಿ. ಲಿಮಿಟರ್ (ಸದ್ದು ಒಂದು ಮಿತಿ ದಾಟದಂತೆ ತಡೆಯುವ ಸಾಧನ) ಒತ್ತಿದಾಗ ಮೊದಲು ಸೋಲುವುದು ಸ್ನೇರ್. ಬ್ಲಾಸ್ಟ್ ಭಾಗದಲ್ಲಿ ಅದು ಹಿಂದೆ ಸರಿದಂತೆ ಕೇಳಿದರೆ ಲಿಮಿಟರನ್ನು ಒಂದೆರಡು ಡಿಬಿ ಸಡಿಲಿಸಿ. ಸ್ಪಾಟಿಫೈ ಹೇಗೂ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಎಲ್ಲವನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತ ತಂದು ನಿಲ್ಲಿಸುತ್ತದೆ.