ಬೋರ್ಡ್ ಬದಲಿಸಿದರೆ ಮುಗಿಯುವ ಕೆಲಸವಲ್ಲ: ಫ್ಲೋರಿಡಾದ ಸರ್ಕಾರಿ ಕಟ್ಟಡಗಳ ರೆಸ್ಟ್‌ರೂಮ್

ಫ್ಲೋರಿಡಾದಲ್ಲಿ ಸರ್ಕಾರಿ ಕಟ್ಟಡಗಳ ರೆಸ್ಟ್‌ರೂಮ್ ಬಳಕೆಯನ್ನು ಹುಟ್ಟಿನ ಲಿಂಗಕ್ಕೆ ಕಟ್ಟಿಹಾಕುವ ಕಾಯ್ದೆ ಎಚ್‌ಬಿ 1521 ಜಾರಿಗೆ ಬಂದದ್ದು 2023ರ ಜುಲೈ 1ರಂದು. ಅಂದಿನಿಂದ ಫೆಸಿಲಿಟಿ ವಿಭಾಗಕ್ಕೆ ಮೇಲಿನಿಂದ ಬರುವ ವರ್ಕ್ ಆರ್ಡರ್‌ಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತವೆ: ಬೋರ್ಡ್ ಬದಲಿಸಿ. ತೊಡಕಿರುವುದು ಬೋರ್ಡಿನಲ್ಲಲ್ಲ. ಬಾಗಿಲು, ಲಾಕ್, ಗೋಡೆ ಮತ್ತು ಡೆಸ್ಕಿನಲ್ಲಿ ಕೂತವರ ಬಾಯಿಂದ ಬರುವ ಮಾತು, ಈ ನಾಲ್ಕರಲ್ಲಿ.

ರಾಜ್ಯ, ಕೌಂಟಿ, ಸಿಟಿಗಳ ಸ್ವಂತ ಅಥವಾ ಬಾಡಿಗೆ ಕಟ್ಟಡದಲ್ಲಿ ರೆಸ್ಟ್‌ರೂಮ್ ಹುಟ್ಟಿನ ಲಿಂಗದ ಪ್ರಕಾರ ಬೇರೆ ಬೇರೆ ಇರಬೇಕು, ಇಲ್ಲವೇ ಯಾವ ಲಿಂಗದವರಾದರೂ ಬಳಸಬಹುದಾದ ಯುನಿಸೆಕ್ಸ್ ರೂಮ್ ಇರಬೇಕು. ಯುನಿಸೆಕ್ಸ್ ಅನ್ನಿಸಿಕೊಳ್ಳಲು ನೆಲದಿಂದ ಸೂರಿನವರೆಗೆ ಗೋಡೆ, ಪೂರ್ತಿ ಬಾಗಿಲು, ಒಳಗೆ ಒಬ್ಬರಿದ್ದಾಗ ಇನ್ನೊಬ್ಬರು ಬರಲಾಗದಂಥ ಲಾಕ್ ಬೇಕು. ಮ್ಯಾನೇಜ್‌ಮೆಂಟ್ ಎಡವುವುದು ಇಲ್ಲೇ. ಹಳೆಯ ನಾಲ್ಕು ಸ್ಟಾಲಿನ, ಅಂದರೆ ಪಾರ್ಟಿಷನ್ ಹಾಕಿ ಬೇರ್ಪಡಿಸಿದ ನಾಲ್ಕು ಕಮೋಡಿನ, ರೂಮಿಗೆ ಯುನಿಸೆಕ್ಸ್ ಬೋರ್ಡ್ ತಗುಲಿಸಿ ಫೈಲ್ ಮುಚ್ಚುತ್ತಾರೆ. ಸಾಮಾನ್ಯ ಪಾರ್ಟಿಷನ್ ನೆಲದಿಂದ 12 ಇಂಚು ಮೇಲಿರುತ್ತದೆ, ಅದು ಗೋಡೆಯಲ್ಲ.

ಪಾರ್ಟಿಷನ್ನನ್ನೇ ಸೂರಿನವರೆಗೆ ಎತ್ತುತ್ತೇವೆ ಅಂದರೆ ಅಂಗವಿಕಲರ ಹಕ್ಕಿನ ಅಮೆರಿಕದ ಕಾಯ್ದೆ ಎಡಿಎ ಅಡ್ಡ ಬರುತ್ತದೆ. ವೀಲ್‌ಚೇರ್ ಸ್ಟಾಲಿಗೆ ಅಗಲ 60 ಇಂಚು, ಗೋಡೆಗೆ ಕೂರಿಸಿದ ಕಮೋಡಾದರೆ ಆಳ 56 ಇಂಚು ಸಾಕು. ಆದರೆ ಆ ಲೆಕ್ಕ ನಿಂತಿರುವುದು ಪಾರ್ಟಿಷನ್ ಕೆಳಗೆ ಪಾದ ಚಾಚಲು 9 ಇಂಚು ಜಾಗ ಇದೆ ಅನ್ನುವುದರ ಮೇಲೆ. ಅದನ್ನು ಮುಚ್ಚಿದರೆ ಅಗಲ 66, ಆಳ 62 ಇಂಚು ದಾಟಬೇಕು. ಜೊತೆಗೆ ಪ್ರತಿ ಸ್ಟಾಲಿಗೂ ಬೇರೆ ಎಕ್ಸಾಸ್ಟ್, ಲೈಟ್, ಸ್ಪ್ರಿಂಕ್ಲರ್. ಲಾಬಿ ಹತ್ತಿರ ಸಿಬ್ಬಂದಿಗೆಂದೇ ಇಟ್ಟ ಸಿಂಗಲ್ ಟಾಯ್ಲೆಟ್ ಇದ್ದರೆ ಅದನ್ನೇ ಜನರಿಗೆ ಬಿಟ್ಟುಕೊಡುವುದು ಎಷ್ಟೋ ಅಗ್ಗ. ಒಳಗೆ ಯಾರೋ ಇದ್ದಾರೆಂದು ಹೊರಗಿನಿಂದಲೇ ಕಾಣುವ ಇಂಡಿಕೇಟರ್ ಲಾಕ್ ಹಾಕಿ. ಹಿಡಿ ಲಿವರ್ ಮಾದರಿಯದು, 34ರಿಂದ 48 ಇಂಚು ಎತ್ತರದಲ್ಲಿ. ಒಳಗೆ ಯಾರಾದರೂ ಬಿದ್ದರೆ ಹೊರಗಿನಿಂದ ತೆಗೆಯುವ ಕೀ ಡೆಸ್ಕಿನಲ್ಲೇ ಇರಲಿ. ಬ್ರೈಲ್ ಇರುವ ಬೋರ್ಡು ಬಾಗಿಲ ಮೇಲಲ್ಲ, ಹಿಡಿ ಇರುವ ಕಡೆಯ ಗೋಡೆಗೆ.

ಇನ್ನು ಡೆಸ್ಕಿನ ಮಾತು. ಒಂದು ಕೌಂಟಿ ಕಟ್ಟಡದಲ್ಲಿ ಮರೆವಿನ ಕಾಯಿಲೆಯ ಗಂಡನ ಕೈಹಿಡಿದು ಪುರುಷರ ರೆಸ್ಟ್‌ರೂಮಿಗೆ ಹೊರಟ ವಯಸ್ಸಾದ ಹೆಂಗಸನ್ನು ಹೊರಗಿನ ಏಜೆನ್ಸಿಯಿಂದ ಬಂದ ಗಾರ್ಡ್ ಬಾಗಿಲಲ್ಲೇ ತಡೆದ. "ಮೇಲಿನವರ ಆರ್ಡರ್," ಅಂದ. ಆಕೆ ಅರ್ಥಮಾಡಿಸಲು ನೋಡಿದಷ್ಟೂ ಆತನ ದನಿ ಏರಿತು. ಲಾಬಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು, ಸೂಪರ್‌ವೈಸರ್ ಫೋನ್ ಎತ್ತಲಿಲ್ಲ. ಆ ಮುದುಕರಿಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ಹೆಂಡತಿಯ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಅಷ್ಟರಲ್ಲಿ ಅವರ ಬಟ್ಟೆ ಒದ್ದೆಯಾಗಿತ್ತು.

ಕಾಯ್ದೆಯೇ ಇದಕ್ಕೆ ಅವಕಾಶ ಕೊಟ್ಟಿದೆ. 12 ವರ್ಷದೊಳಗಿನ ಮಗು, ಆಸರೆ ಬೇಕಾದ ವೃದ್ಧರು, ಅಂಗವಿಕಲರ ನೆರವಿಗೆ ಅವರ ಪಾಲಿನ ರೂಮಿಗೆ ಜೊತೆಯಲ್ಲಿ ಹೋಗಬಹುದು. ತುರ್ತು ವೈದ್ಯಕೀಯ ನೆರವಿಗೂ ಹೋಗಬಹುದು. ಒಳಗೆ ಯಾರೂ ಇಲ್ಲದಾಗ ಕ್ಲೀನಿಂಗ್, ರಿಪೇರಿಯವರಿಗೆ ತಡೆಯಿಲ್ಲ. ತಮ್ಮ ಪಾಲಿನ ರೂಮ್ ಕೆಟ್ಟಿದ್ದರೆ, ಖಾಲಿಯಿರುವ ಇನ್ನೊಂದನ್ನು ಬಳಸಬಹುದು. ಟ್ರೆಸ್‌ಪಾಸ್, ಅಂದರೆ ಅಕ್ರಮ ಪ್ರವೇಶದ ಅಪರಾಧ, ಆಗುವುದು ಸರ್ಕಾರಿ ಸಂಸ್ಥೆಯ ನೌಕರರು ಹೊರಗೆ ಬನ್ನಿ ಎಂದ ಮೇಲೂ ಬರಲು ಒಪ್ಪದಿದ್ದರೆ. ಏಜೆನ್ಸಿಯ ಗಾರ್ಡ್, ಕಾಂಟ್ರಾಕ್ಟ್ ಜಾನಿಟರ್ ಆ ನೌಕರರಲ್ಲ. ಹೀಗಿದ್ದೂ ಟ್ರೇನಿಂಗ್ ಕೊಟ್ಟದ್ದು ದಂಡದ ಬಗ್ಗೆ ಮಾತ್ರ, ವಿನಾಯಿತಿಗಳ ಹಾಳೆ ಗಾರ್ಡ್‌ವರೆಗೆ ಇಳಿಯಲೇ ಇಲ್ಲ.

ಮುಖ ನೋಡಿ ಯಾರದೂ ಹುಟ್ಟಿನ ಲಿಂಗ ತಿಳಿಯುವುದಿಲ್ಲ. ಅದನ್ನು ಪರೀಕ್ಷಿಸುವ ವಿಧಾನವನ್ನೂ ಕಾಯ್ದೆ ಹೇಳಿಲ್ಲ. ಕೂದಲು ಗಿಡ್ಡ ಇರುವ ಹೆಂಗಸು, ಟ್ರಾನ್ಸ್ ವ್ಯಕ್ತಿ, ಯಾರನ್ನೇ ಆದರೂ ಲಾಬಿಯಲ್ಲಿ ನಿಲ್ಲಿಸಿ ವಿಚಾರಿಸುವುದು ಅವಮಾನ. ಯೂಟಾ ರಾಜ್ಯದಲ್ಲಿ ಇದೇ ಬಗೆಯ ಕಾಯ್ದೆ ಎಚ್‌ಬಿ 257 ಬಂದಾಗ, 2024ರ ಮೇ ತಿಂಗಳಲ್ಲಿ ತೆರೆದ ದೂರಿನ ಫಾರ್ಮಿಗೆ ಸಾವಿರಾರು ಸುಳ್ಳು ದೂರು ಬಂದು ಬಿದ್ದವು. ಟೆಕ್ಸಾಸಿನಲ್ಲಿ 2025ರ ಡಿಸೆಂಬರ್ 4ರಿಂದ ಜಾರಿಯಾದ ಇಂಥದ್ದೇ ಕಾಯ್ದೆ ಎಸ್‌ಬಿ 8ರಲ್ಲಿ ಪಾಲಿಸದ ಸಂಸ್ಥೆಗೆ ದಂಡ ಮೊದಲ ಸಲ 25,000 ಡಾಲರ್, ಮತ್ತೆ ಆದರೆ 1,25,000. ಆ ಭಯಕ್ಕೆ ಅಲ್ಲಿಯ ಆಡಳಿತಗಾರರೂ ಮೊದಲು ಗಾರ್ಡನ್ನೇ ಬಾಗಿಲಿಗೆ ನಿಲ್ಲಿಸಬಾರದು. ಗಾರ್ಡ್ ಒಂದೇ ಮಾತು ಕಲಿತಿರಲಿ: "ಲಾಕ್ ಇರುವ ರೂಮ್ ಆ ಕಡೆ ಇದೆ, ಯಾರು ಬೇಕಾದರೂ ಬಳಸಬಹುದು." ಆ ರೂಮ್ ಪ್ರತಿ ಮಹಡಿಯಲ್ಲೂ ಇರುವಂತೆ ಬಜೆಟ್ಟಿನಲ್ಲಿ ಹಣ ಇಡಬೇಕಾದವರು ಮೇಲಿನವರು.