42ನೇ ದಿನ ಆದಮೇಲೆ

ಕೂಸು ಹುಟ್ಟಿ ಎರಡು ವಾರ ಆಗುವ ಹೊತ್ತಿಗೆ ಅಳು ಏರತೊಡಗುತ್ತದೆ. ಆರನೇ ವಾರದ ಆಸುಪಾಸು ಅತಿ ಹೆಚ್ಚು, ಮೂರ್ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಹಾಲು ಕುಡಿದಿದೆ, ಬಟ್ಟೆ ಒಣಗಿದೆ, ಜ್ವರ ಇಲ್ಲ, ಆದರೂ ಸಂಜೆ ಎರಡು ಮೂರು ತಾಸು ಒಂದೇ ಸಮನೆ ಅಳುವ ಕೂಸುಗಳಿವೆ. ದೃಷ್ಟಿ ತೆಗೆದರೂ ನಿಲ್ಲದ ಅಳು. ನಿದ್ದೆಗೆಟ್ಟವರ ಕೈ ಕೂಸಿನ ರಟ್ಟೆ ಹಿಡಿದು ಜೋರಾಗಿ ಅಲ್ಲಾಡಿಸುವ ಅಪಾಯ ಹೆಚ್ಚಿರುವುದು ಇದೇ ವಾರಗಳಲ್ಲಿ. ಕುತ್ತಿಗೆ ನಿಲ್ಲದ ಕೂಸಿನ ತಲೆ ಹಿಂದೆ ಮುಂದೆ ತೂಗಾಡಿದರೆ ಮಿದುಳಿನ ಮೇಲಿನ ರಕ್ತನಾಳಗಳು ಹರಿಯುತ್ತವೆ. ಅದಕ್ಕೆ ಕೆಲವೇ ಸೆಕೆಂಡು ಸಾಕು. ಮೈಮೇಲೆ ಒಂದು ಗೀರೂ ಕಾಣದೇ ಇರಬಹುದು.

ಈಗ ನಮ್ಮ ವ್ಯವಸ್ಥೆಯ ವೇಳಾಪಟ್ಟಿ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುವುದು ಆರು ಸಲ: 3, 7, 14, 21, 28 ಮತ್ತು 42ನೇ ದಿನ. ಮುಂದಿನ ಭೇಟಿ ಮೂರು ತಿಂಗಳಿಗೆ. ಅಂದರೆ ಅಳು ನೆತ್ತಿಗೆ ಮುಟ್ಟಿದ ಆರನೇ ವಾರಕ್ಕೇ ಒಂದು ಸರದಿ ಮುಗಿಯುತ್ತದೆ, ನಂತರದ ಒಂದೂವರೆ ತಿಂಗಳು ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ. ಹಿಂಸೆಯಿಂದ ಕೂಸುಗಳು ಸಾಯುವುದನ್ನು ತಡೆಯುವ ದೇಶದ ಯಾವ ಯೋಜನೆಯಲ್ಲೂ ಮೊದಲು ಮುಚ್ಚಬೇಕಾದ ಬಿರುಕು ಇದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಂಸೆ, ನಿರ್ಲಕ್ಷ್ಯದಿಂದ ಆಗುವ ಮಕ್ಕಳ ಸಾವು ತಡೆಯಲೆಂದೇ ಅಮೆರಿಕ ಒಂದು ರಾಷ್ಟ್ರೀಯ ಆಯೋಗ ರಚಿಸಿತ್ತು. ಅದರ ವರದಿ 2016ರಲ್ಲಿ ಬಂತು. ಅಲ್ಲಿ ಹೀಗೆ ಸಾಯುವ ಮಕ್ಕಳಲ್ಲಿ ಅರ್ಧದ ಹತ್ತಿರ ವರ್ಷ ತುಂಬದ ಕೂಸುಗಳು.

ಉತ್ತರ ಕನ್ನಡದಲ್ಲಿ ಈ ಬಿರುಕು ಇನ್ನೂ ಅಗಲ. ಬಾಣಂತನ ತವರಿನಲ್ಲಿ. ಕುಮಟಾದ ತವರುಮನೆಯಲ್ಲಿ ಆರೂ ಭೇಟಿ ಸರಿಯಾಗಿ ಆಗಿರುತ್ತವೆ. ಮೂರನೇ ತಿಂಗಳಿಗೆ ತಾಯಿ ಮಗು ಶಿರಸಿ ಕಡೆಯ ಗಂಡನ ಮನೆಗೆ ಹತ್ತುತ್ತಾರೆ. ಒಂದು ಊರಿನ ಪುಸ್ತಕದಲ್ಲಿ ‘ಹೋದರು’ ಎಂದಾಗುತ್ತದೆ, ಇನ್ನೊಂದು ಊರಿನ ಪುಸ್ತಕದಲ್ಲಿ ಹೆಸರೇ ಹತ್ತಿರುವುದಿಲ್ಲ. ಅದರ ಮೇಲೆ ಮಳೆಗಾಲ, ಹಳ್ಳ ಏರಿದರೆ ಲಸಿಕೆ ದಿನವೂ ತಪ್ಪುತ್ತದೆ.

ಲಸಿಕೆ ದಿನ ತಪ್ಪಬಾರದು ಎನ್ನುವುದು ಚುಚ್ಚುಮದ್ದಿಗಾಗಿ ಮಾತ್ರ ಅಲ್ಲ. 6, 10, 14ನೇ ವಾರದ ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ) ಸರದಿ ಆ ಬಿರುಕಿನ ಮಧ್ಯದಲ್ಲೇ ಬರುತ್ತದೆ. ಆ ದಿನ ಸಿಸ್ಟರ್ ಕೂಸಿನ ಮೈ ನೋಡಬಹುದು. ತೊಡೆಗೆ ಚುಚ್ಚುವ ಮೊದಲು ಅಂಗಿ ಪೂರ್ತಿ ತೆಗೆಸಿ, ಎದೆ, ಬೆನ್ನು, ಕಿವಿಯ ಹಿಂದೆ, ಕುತ್ತಿಗೆ, ದವಡೆ. ಪೋಲಿಯೋ ಹನಿ ಹಾಕಲು ಬಾಯಿ ತೆರೆಸಿದಾಗ ಮೇಲ್ದುಟಿಯನ್ನು ಎತ್ತಿ ಅದನ್ನು ಒಸಡಿಗೆ ಕಟ್ಟಿದ ತೆಳು ಪೊರೆ ನೋಡಬೇಕು. ಅಳುವ ಕೂಸಿನ ಬಾಯಿಗೆ ಬಾಟಲಿ, ಚಮಚ ಒತ್ತಿ ತುರುಕಿದರೆ ಮೊದಲು ಹರಿಯುವುದು ಆ ಪೊರೆ. ಮಗುಚಿಕೊಳ್ಳಲೂ ಬಾರದ ಕೂಸು ತಾನಾಗಿ ಎಲ್ಲಿಗೂ ಬಡಿದುಕೊಳ್ಳುವುದಿಲ್ಲ. ಐದು ತಿಂಗಳೊಳಗಿನ ಕೂಸಿನ ಮೈಮೇಲೆ ಕಂದಿದ ಗಾಯ ಎಷ್ಟೇ ಚಿಕ್ಕದಿರಲಿ, ಅವತ್ತೇ ಆಸ್ಪತ್ರೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ನಮ್ಮ ಮಕ್ಕಳ ಸೊಂಟ, ಕುಂಡೆಯ ಮೇಲೆ ಹುಟ್ಟುತ್ತಲೇ ನೀಲಿ ಮಚ್ಚೆ ಇರುವುದು ಸಾಮಾನ್ಯ. ಅದು ಮುಟ್ಟಿದರೆ ನೋಯುವುದಿಲ್ಲ, ವಾರ ಕಳೆದರೂ ಬಣ್ಣ ಬದಲಾಗುವುದಿಲ್ಲ. ಹುಟ್ಟಿದಾಗಲೇ ‘ತಾಯಿ ಕಾರ್ಡ್’ ಎಂಬ ತಾಯಿ-ಮಗುವಿನ ಆರೋಗ್ಯ ದಾಖಲೆಯಲ್ಲಿ ಬರೆದಿಟ್ಟರೆ ಮುಂದೆ ಒಂದು ಮನೆಯವರ ಮೇಲೆ ಸುಳ್ಳು ಅನುಮಾನ ಬರುವುದು ತಪ್ಪುತ್ತದೆ. ಇನ್ನೊಂದು, ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಸಿಗದ ಕೂಸಿಗೆ ಮೂರು ತಿಂಗಳೊಳಗೆ ತಾನಾಗಿಯೇ ರಕ್ತಸ್ರಾವ ಆಗಬಹುದು. ಮೈ ಕಂದುತ್ತದೆ, ಮಿದುಳಿನೊಳಗೂ ರಕ್ತ ಸೋರುತ್ತದೆ. ಹಾಗಾಗಿ ಹಿಂಸೆಯೋ ಕಾಯಿಲೆಯೋ ಎಂದು ಜಗಲಿಯಲ್ಲಿ ಕೂತು ತೀರ್ಮಾನಿಸುವುದು ಯಾರ ಕೆಲಸವೂ ಅಲ್ಲ. ಎರಡಕ್ಕೂ ದಾರಿ ಒಂದೇ, ತಡಮಾಡದೆ ಮಕ್ಕಳ ಡಾಕ್ಟರು. ಜ್ವರ ಭೇದಿ ಇಲ್ಲದೆ ಬರೀ ವಾಂತಿ, ಮಂಪರು, ಹಾಲು ಬಿಟ್ಟಿರುವುದು, ಫಿಟ್ಸ್, ಉಬ್ಬಿದ ನೆತ್ತಿ ಕಂಡರೆ ಹೊಟ್ಟೆಕೆಟ್ಟಿದೆ ಎಂದು ಔಷಧ ಕೊಟ್ಟು ಕಳಿಸಲೇಬಾರದು.

42ನೇ ದಿನದ ಭೇಟಿಯಲ್ಲಿ ಆಶಾ ಅಕ್ಕ ಐದು ನಿಮಿಷ ಹೆಚ್ಚು ಕೂತು ಒಂದು ಮಾತು ಹೇಳಬೇಕು. ತಾಯಿಗೆ ಮಾತ್ರವಲ್ಲ, ಅಪ್ಪನಿಗೂ ಅಜ್ಜಿಗೂ. ‘ಅಳು ತಡೆಯೂಕೆ ಆಗ್ದೇ ಹೋದ್ರೆ ಕೂಸನ್ನ ಅಂಗಾತ ಮಲಗ್ಸಿ, ಹೊರಗೆ ಬಂದು ಹತ್ತು ನಿಮಿಷ ಕೂತ್ಕಳಿ. ಅತ್ತರೆ ಕೂಸಿಗೆ ಏನೂ ಆಗೂದಿಲ್ಲ, ಅಲ್ಲಾಡಿಸಬೇಡಿ.’ ಬಾಣಂತಿಯ ನಿದ್ದೆ, ಊಟ, ಮನಸ್ಸು ಹೇಗಿದೆ ಎಂದು ಅತ್ತೆಯ ಎದುರಲ್ಲದೆ ಬೇರೆಯಾಗಿ ಕೇಳಬೇಕು.

ಕೂಸಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಉಚಿತ, ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಜೋಯಿಡಾದ ಕಾಡೂರುಗಳಲ್ಲಿ ನೆಟ್‌ವರ್ಕ್ ಸಿಕ್ಕ ಜಾಗದಲ್ಲಿ ಒಂದೇ ಉಸಿರಿಗೆ ಮುಗಿಸುವಂತೆ ಮೊದಲೇ ಬರೆದಿಟ್ಟುಕೊಳ್ಳಿ: ಊರು, ಮನೆಯ ಗುರುತು, ಕೂಸಿನ ವಯಸ್ಸು, ಕಣ್ಣಾರೆ ಕಂಡದ್ದು, ಕಂಡ ದಿನ. ಊಹೆ ಬೇಡ. ಬಾಲನ್ಯಾಯ ಕಾಯ್ದೆಯ ಪ್ರಕಾರ ರಕ್ಷಿಸಿದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಸಮಿತಿಯ ಸಭೆ ಇಲ್ಲದ ದಿನ ಒಬ್ಬ ಸದಸ್ಯರ ಮುಂದೆ ತಂದರೂ ನಡೆಯುತ್ತದೆ. ಘಟ್ಟದ ಮೇಲಿನವರು ಜಿಲ್ಲಾ ಕೇಂದ್ರ ಕಾರವಾರದ ದೂರಕ್ಕೆ ಅಂಜಿ ಕೈಬಿಡಬೇಕಾಗಿಲ್ಲ.

ಐದು ವರ್ಷದೊಳಗಿನ ಪ್ರತಿ ಮಗುವಿನ ಸಾವನ್ನೂ ಪರಿಶೀಲಿಸಬೇಕೆಂಬ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ 2014ರದ್ದು. ‘ಹಾಲು ನೆತ್ತಿಗೇರಿತು’ ಎಂಬ ಒಂದು ಸಾಲಿಗೆ ಅಲ್ಲಿ ಕಾಗದ ಮುಚ್ಚಿದರೆ ಪರಿಶೀಲನೆ ನಡೆದಂತಲ್ಲ. ಕೂಸು ಎಚ್ಚರವಾಗಿದ್ದನ್ನು ಕೊನೆಗೆ ಕಂಡವರು ಯಾರು, ಎಷ್ಟು ಹೊತ್ತಿಗೆ, ಯಾರ ಮಗ್ಗುಲಲ್ಲಿ ಹೇಗೆ ಮಲಗಿತ್ತು, ಹಿಂದಿನ ವಾರ ಯಾವ ಡಾಕ್ಟರ ಹತ್ತಿರ ಏಕೆ ಹೋಗಿದ್ದರು ಎಂದು ಕೇಳಬೇಕು. ಅಪರಾಧಿಯನ್ನು ಹುಡುಕುವ ದನಿಯಲ್ಲಿ ಕೇಳಿದರೆ ಯಾರೂ ಬಾಯಿಬಿಡುವುದಿಲ್ಲ.

ತವರಿನಿಂದ ಕೂಸು ಹೊರಡುವ ದಿನಕ್ಕೆ ಬೇಕಾದದ್ದು ಇಷ್ಟೇ: ಆ ಊರಿನ ಆಶಾ ಈ ಊರಿನ ಆಶಾಗೆ ಒಂದು ಫೋನ್ ಮಾಡಿ ಹೆಸರು, ತೂಕ, ಮುಂದಿನ ಲಸಿಕೆಯ ತಾರೀಕು ತಿಳಿಸುವುದು. ಬಂದ ವಾರದೊಳಗೆ ಈಕೆ ಹೋಗಿ ನೋಡುವುದು.